ಬೆನ್ನ ಹಿಂದೆ ನಿಂತ ಡಾಕ್ಟರಮ್ಮ

ಅವರ ಹಣೆಯ ಮೇಲೆ ಹೆಲ್ಮೆಟ್ ಒತ್ತಿದ ಕೆಂಪು ಗೆರೆಯೊಂದು ಯಾವಾಗಲೂ ಇರುತ್ತಿತ್ತು. ರಾಜಾಜಿನಗರದಿಂದ ಕೆಂಗೇರಿಯವರೆಗೆ ಐದಾರು ನರ್ಸಿಂಗ್ ಹೋಂಗಳಿಗೆ ಸ್ಕೂಟರಿನಲ್ಲೇ ಓಡಾಡುತ್ತಿದ್ದ ಅರಿವಳಿಕೆ ಡಾಕ್ಟರಮ್ಮ ಅವರು. ನನ್ನ ಹೆರಿಗೆಯ ದಿನ ನೋವು ತಡೆಯಲು ಬೆನ್ನಿಗೆ ಎಪಿಡ್ಯೂರಲ್ ಚುಚ್ಚುಮದ್ದು ಕೊಟ್ಟವರು. ಮಾಡುವ ಮುನ್ನ ಪ್ರತಿಯೊಂದನ್ನೂ ಹೇಳುತ್ತಿದ್ದರು: "ಈಗ ತಣ್ಣಗಾಗುತ್ತೆ. ಈಗ ಸ್ವಲ್ಪ ಒತ್ತಿದ ಹಾಗಾಗುತ್ತೆ. ಅಲ್ಲಾಡಬೇಡಿ."

ಮಗಳು ಸುಖವಾಗಿ ಹುಟ್ಟಿದಳು. ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಬಂದ ದಿನವೇ ತಲೆನೋವು ಶುರುವಾಯಿತು. ಮಲಗಿದರೆ ಏನೂ ಇಲ್ಲ. ಹಾಲೂಡಿಸಲು ಎದ್ದು ಕೂತರೆ ತಲೆ ಸೀಳುವಂಥ ನೋವು. ಮಗುವನ್ನು ಮಡಿಲಿಗೆ ತೆಗೆದುಕೊಳ್ಳಲಾಗದೆ ಅಳುತ್ತಿದ್ದೆ. ಬಾಣಂತನಕ್ಕೆ ಬಂದಿದ್ದ ಅಮ್ಮ, "ಶೀತ ಹೊಕ್ಕಿದೆ ಕಣೇ" ಎಂದು ಕಿವಿಗೆ ಹತ್ತಿಯಿಟ್ಟು ತಲೆಗೆ ಬಟ್ಟೆ ಬಿಗಿದಳು. ನನ್ನ ಗಂಡ ನರ್ಸಿಂಗ್ ಹೋಂಗೆ ಫೋನ್ ಮಾಡಿದರು. ಸಂಜೆ ಡಾಕ್ಟರಮ್ಮನೇ ಬಂದು ನನ್ನ ಚಾಪೆಯ ಪಕ್ಕ ನೆಲದ ಮೇಲೆ ಕೂತರು. ಜ್ವರ, ಕುತ್ತಿಗೆ, ಕಣ್ಣು ಎಲ್ಲ ನೋಡಿ ಅಮ್ಮನ ಕಡೆ ತಿರುಗಿದರು.

"ಶೀತ ಅಲ್ಲಮ್ಮ. ಬೆನ್ನೊಳಗೆ ಒಂದು ತೆಳು ಪೊರೆ ಇರುತ್ತೆ. ನನ್ನ ಸೂಜಿ ಅದನ್ನ ಚುಚ್ಚಿಬಿಟ್ಟಿದೆ. ಮೆದುಳಿನ ಸುತ್ತ ಇರೋ ನೀರು ಅಲ್ಲಿಂದ ಸೋರ್ತಾ ಇದೆ, ಅದಕ್ಕೇ ತಲೆನೋವು."

"ಅಂದ್ರೆ ತಪ್ಪು ನಿಮ್ದೇನಾ?"

"ನನ್ನ ಕೈಯಿಂದಾನೇ ಆಗಿದ್ದು."

ಅವರಿಗೆ ಅಮ್ಮ ಒಂದು ಲೋಟ ನೀರನ್ನೂ ಕೊಡಲಿಲ್ಲ.

ಅವರು ಹೇಳಿದ ಮಾತ್ರೆ ನುಂಗಿದೆ, ನೀರು, ಕಾಫಿ ಕುಡಿದೆ. ಬೆಳಿಗ್ಗೆ ಸಂಜೆ ಅವರ ಫೋನ್ ಬರುತ್ತಿತ್ತು. ಎರಡು ದಿನವಾದರೂ ನೋವು ಇಳಿಯದಿದ್ದಾಗ ನರ್ಸಿಂಗ್ ಹೋಂಗೆ ಕರೆಸಿಕೊಂಡರು. ನನ್ನ ತೋಳಿನಿಂದ ರಕ್ತ ತೆಗೆದು ಬೆನ್ನಿಗೆ ಹಾಕಿದರೆ ಅದು ಹೆಪ್ಪುಗಟ್ಟಿ ಸೋರುವುದು ನಿಲ್ಲುತ್ತದೆ ಎಂದರು. ಅದೇ ಬೆನ್ನಿಗೆ ಮತ್ತೆ ಸೂಜಿ ಎಂದೊಡನೆ ಸೆರಗನ್ನು ಬೆನ್ನಿಗೆ ಎಳೆದುಕೊಂಡೆ.

"ಬೇರೆ ಡಾಕ್ಟರ್‌ನ ಕರೆಸ್ಲಾ? ನಂಗೇನೂ ಬೇಜಾರಿಲ್ಲ."

ಹಾಗೆ ಕೇಳಿದ್ದಕ್ಕೇ ನನಗೆ ಧೈರ್ಯ ಬಂದಿತ್ತು. "ಬೇಡ ಮೇಡಂ. ನೀವೇ ಮಾಡಿ."

ಬೆನ್ನಿಗೆ ರಕ್ತ ಹಾಕಿದ ಮೇಲೆ ಎರಡು ಗಂಟೆ ಅಂಗಾತ ಮಲಗಿಸಿ, ಕೈಹಿಡಿದು ಕೂರಿಸಿದರು. ನೋವಿಗಾಗಿ ಕಾದೆ. ಬರಲಿಲ್ಲ. ಮಗುವನ್ನು ಎತ್ತಿಕೊಂಡು ಮೊದಲ ಸಲ ನೆಮ್ಮದಿಯಾಗಿ ಕೂತು ಹಾಲೂಡಿಸಿದೆ. ಇನ್ನೊಂದು ನರ್ಸಿಂಗ್ ಹೋಂನಿಂದ ಕರೆ ಬರುತ್ತಿದ್ದರೂ ಅವರು ಗೋಡೆಗೊರಗಿ ನೋಡುತ್ತಾ ನಿಂತಿದ್ದರು.

ನಾವು ಕರೆದೆವೆಂದು ನಾಮಕರಣಕ್ಕೆ ಬಂದಾಗ, "ಇಷ್ಟು ವರ್ಷದಲ್ಲಿ ಯಾರೂ ಕರೆದಿರ್ಲಿಲ್ಲ. ನಾವು ನೋಡೋದು ಬೆನ್ನು ಮಾತ್ರ ಅಲ್ವಾ" ಎಂದು ನಕ್ಕರು. ಅಮ್ಮ ಅರಿಶಿನ ಕುಂಕುಮ ಕೊಟ್ಟು, ಮಗುವನ್ನು ಅವರ ಮಡಿಲಿಗಿಟ್ಟಳು.

ಮಗಳಿಗೀಗ ಐದು ವರ್ಷ. ನೆಂಟರಲ್ಲಿ ಯಾರು ಹೆರಿಗೆಗೆ ಹೊರಟರೂ ಅಮ್ಮ ಒಂದು ಮಾತು ಹೇಳಿ ಕಳಿಸುತ್ತಾಳೆ: "ಮತ್ತಿನ ಇಂಜೆಕ್ಷನ್ ಕೊಡೋ ಡಾಕ್ಟರ್ ಯಾರು ಅಂತ ಮೊದ್ಲು ಕೇಳ್ಕೊ."