ಯಾವ ಕಾರ್ಬನ್?

ಅಂಬಿಕಾ ನಿಂತಲ್ಲಿ ನಿಲ್ಲುವ ಹೆಂಗಸಲ್ಲ. ಗೋವಾದ ವಾಸ್ಕೋದಲ್ಲಿರುವ ನಮ್ಮ ಶಾಲೆಯ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಹನ್ನೊಂದು ವರ್ಷ ಬೀಕರ್ ತೊಳೆದಳು. ತೊಳೆಯುತ್ತಲೇ ಪಾಠಕ್ಕೆ ಕಿವಿಗೊಟ್ಟು, ದೂರಶಿಕ್ಷಣದಲ್ಲಿ ಹನ್ನೆರಡನೇ ತರಗತಿ ಪಾಸಾದಳು. ಲ್ಯಾಬ್ ಸಹಾಯಕರ ಕಾಯಂ ಹುದ್ದೆ ಖಾಲಿಯಾದಾಗ ಅರ್ಜಿ ಹಾಕು ಎಂದು ಬೆನ್ನು ಹತ್ತಿದವನು ನಾನೇ, ಆಫೀಸಿನ ಗುಮಾಸ್ತ ಶ್ರೀಶೈಲ.

ತಪ್ಪು ಮಾಡಿದೆ. ಒಂದು ತಿಂಗಳು ನನ್ನ ತಲೆ ತಿಂದಳು. ಪ್ರಮಾಣಿತ ಎಂಥಾಲ್ಪಿ ಬದಲಾವಣೆಗಳ ವ್ಯಾಖ್ಯೆಗಳನ್ನು ಅವಳು ಒಪ್ಪಿಸಬೇಕು, ನಾನು ಪುಸ್ತಕ ಹಿಡಿದು ನೋಡಬೇಕು. ಉಂಟಾಗುವಿಕೆಯ ಎಂಥಾಲ್ಪಿ ಎಂದರೆ, ಒಂದು ಬಾರ್ ಒತ್ತಡದಲ್ಲಿ, ಪ್ರಮಾಣಿತ ಸ್ಥಿತಿಯಲ್ಲಿರುವ ಧಾತುಗಳಿಂದ, ಒಂದು ಮೋಲ್ ವಸ್ತು ಉಂಟಾದಾಗ ಹೀರಿದ ಇಲ್ಲವೆ ಬಿಟ್ಟ ಶಾಖ. ಒಂದು ಪದ ಜಾರಿದರೂ ಮತ್ತೆ ಮೊದಲಿನಿಂದ. ಊಟದ ಡಬ್ಬಿ ಅರ್ಧಕ್ಕೆ ಮುಚ್ಚಿಟ್ಟು ಎದ್ದು ಬರುತ್ತಿದ್ದಳು.

ಸಂದರ್ಶನಕ್ಕೆ ಹೊರಗಿನ ಕಾಲೇಜೊಂದರಿಂದ ಶೈಲಶ್ರೀ ಮೇಡಂ ಬಂದಿದ್ದರು, ಬೆಳಗಾವಿ ಕಡೆಯ ವ್ಯಾಪಾರಸ್ಥರ ಮಗಳು. ಮೂಲೆಯಲ್ಲಿ ನಾನು ನಡಾವಳಿ ಬರೆಯುತ್ತಿದ್ದೆ. ಅಂಬಿಕಾ ವ್ಯಾಖ್ಯೆಯನ್ನು ಒಂದಕ್ಷರ ಬಿಡದೆ ಹೇಳಿದಳು. ಕಾರ್ಬನ್ ಡೈ ಆಕ್ಸೈಡ್ ಉಂಟಾಗಲು ಯಾವ ರೂಪದ ಕಾರ್ಬನ್ ಲೆಕ್ಕಕ್ಕೆ ಹಿಡಿಯಬೇಕು ಎಂದು ಮೇಡಂ ಕೇಳಿದರು.

"ಕಲ್ಲಿದ್ದಲ್ರಿ," ಎಂದಳು.

ಅವಳಪ್ಪ ಅಮೀನಪ್ಪ ಮುರ್ಮುಗಾಂವ್ ಬಂದರಿನಲ್ಲಿ ಜೀವನವಿಡೀ ಕಲ್ಲಿದ್ದಲು ತುಂಬಿದವನು. ಅವನ ಅಂಗಿ ಒಗೆದು ಬೆಳೆದವಳ ಬಾಯಲ್ಲಿ ಬೇರೇನು ಬಂದೀತು? ಮೇಡಂ ಅಂಕ ಬರೆದರು. ಪುಸ್ತಕದಲ್ಲಿದ್ದ ಉತ್ತರ ಅದಲ್ಲ ಎಂದು ನನಗೆ ಗೊತ್ತಿತ್ತು.

ಮುಂದಿನವನು ಬಂದು ಕೂತಿದ್ದನಷ್ಟೆ, ಬಾಗಿಲು ತಳ್ಳಿಕೊಂಡು ಅಂಬಿಕಾ ಮತ್ತೆ ಒಳಗೆ ಬಂದಳು.

"ಗ್ರಾಫೈಟ್ ರೀ, ಮೇಡಂ. ಅದ ಭಾಳ ಸ್ಥಿರ. ಕಲ್ಲಿದ್ದಲದಾಗ ಬ್ಯಾರೆ ಏನೇನೋ ಕೂಡಿರ್ತೈತಿ."

"ಅಂಕ ಬರದಾಗೇತಿ ಅಂಬಿಕಾ. ತಿದ್ದಾಕ ಬರೂದಿಲ್ಲ."

"ತಿದ್ದಬ್ಯಾಡ್ರಿ. ತಪ್ಪ ಹೇಳಿ ಮನಿಗೆ ಹೋಗಾಕ ನನಗ ಆಗಲಿಲ್ಲ."

ಎರಡು ಅಂಕದ ಅಂತರದಲ್ಲಿ ಹುದ್ದೆ ಆ ಮುಂದಿನವನ ಪಾಲಾಯಿತು. ಸೋಮವಾರ ಅವನಿಗೆ ಕಪಾಟುಗಳನ್ನು ತೋರಿಸಿಕೊಟ್ಟವಳೂ ಅಂಬಿಕಾಳೇ. ಅತ್ತು ಹಗುರಾಗು ಎಂದೆ ನಾನು. ಅವಳು ಅಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಿ.ಎಸ್ಸಿ.ಗೆ ಸೇರಲು ಅರ್ಜಿ ಎಲ್ಲಿ ಕೊಡುತ್ತಾರೆ ಎಂದು ಕೇಳಿದಳು.