ಉಪ್ಪುನೀರಿನ ಕ್ಯಾನು

ಕ್ಯಾನಿಗೆ ತಪ್ಪು ಚೀಟಿ ಅಂಟಿಸಿದವನು ನಾನು. ತಪ್ಪು ಮಾಳವ್ವನ ಕೈಯದು ಎಂದು ಹೇಳಿದವನೂ ನಾನೇ. ಹದಿನೈದು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಸಿಕ್ಕವರಿಂದೆಲ್ಲ ‘ನಮಸ್ಕಾರ್ರಿ ಸರ್’ ಅನ್ನಿಸಿಕೊಂಡು ತಿರುಗಿದ್ದೇನೆ. ಇದು ಅಷ್ಟು ದೊಡ್ಡ ತಪ್ಪೇ, ಎಂದು ಯಾರಾದರೂ ಕೇಳಬಹುದು. ನನಗೂ ಸರಿಯಾಗಿ ತಿಳಿಯುತ್ತಿಲ್ಲ — ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾನು ಮೂಡಲಗಿಯ ಒಂದು ಖಾಸಗಿ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಹಂಗಾಮಿ ಕೆಲಸ. ಮಾಳವ್ವ ಎರಡನೆಯ ವರ್ಷದ ಹುಡುಗಿ, ಕೌಜಲಗಿ ಕಡೆಯ ಕುರಿಗಾರರ ಮನೆಯವಳು. ಮಾತು ಕಡಿಮೆ. ಆದರೆ ಯಾವುದನ್ನಾದರೂ ನೋಡಲು ಕುಳಿತರೆ ಸುತ್ತಲಿನದೆಲ್ಲ ಮರೆತುಬಿಡುತ್ತಿದ್ದಳು.

ವಿಕಾಸವಾದದ ಪಾಠ ನಡೆದಿತ್ತು. ಪ್ರಾಣಿ ತನ್ನ ಜೀವಮಾನದಲ್ಲಿ ಗಳಿಸಿದ್ದು ಮರಿಗಳಿಗೂ ಇಳಿದು ಬರುತ್ತದೆ, ಎಲೆಗೆ ಕತ್ತು ಚಾಚಿ ಚಾಚಿ ಜಿರಾಫೆಯ ಕತ್ತು ಉದ್ದವಾಯಿತು ಎಂಬ ಹಳೆಯ ವಾದವನ್ನು ಹೇಳಿ, ಇದು ಏಕೆ ತಪ್ಪು ಎಂದು ಕೇಳಿದೆ. ಮಾಳವ್ವ ಎದ್ದು ನಿಂತಳು.

“ನಮ್ಮ ಮಂದಿ ಗುರುತಿಗಂತ ಮರಿ ಕಿವಿ ಕತ್ತರಸ್ತಾರ್ರಿ ಸರ್. ಮುತ್ಯಾನ ಮುತ್ಯಾನ ಕಾಲದಿಂದ ಕತ್ತರಿಸ್ಕೋತ ಬಂದಾರ. ಕತ್ತರಿಸಿದ ಕಿವಿ ಇಟ್ಕೊಂಡು ಒಂದ ಮರಿನೂ ಹುಟ್ಟಿಲ್ರಿ.”

ನನಗೆ ಎಷ್ಟು ಸಂತೋಷವಾಯಿತೆಂದರೆ ಚಾಕ್‌ಪೀಸು ಕೆಳಗಿಟ್ಟುಬಿಟ್ಟೆ. ಇದು ವಿಜ್ಞಾನ ನೋಡ್ರಪಾ, ಮೊದಲು ನಿಮ್ಮ ಕಣ್ಣು ನಂಬಿ, ಆಮೇಲೆ ಪುಸ್ತಕ — ಎಂದು ಇಡೀ ತರಗತಿಗೆ ಭಾಷಣ ಬಿಗಿದೆ. ಅಲ್ಲಿಂದೀಚೆಗೆ ಪ್ರತಿ ವರ್ಷ ಅದೇ ಉದಾಹರಣೆ ಕೊಡುತ್ತೇನೆ. ಆದರೆ ‘ಒಬ್ಬ ಕುರಿ ಕಾಯುವ ಅಜ್ಜ ಹೇಳಿದ್ದು’ ಎನ್ನುತ್ತೇನೆ. ಅವಳ ಹೆಸರು ಬಾಯಿಗೆ ಬರುವುದಿಲ್ಲ. ಹೆಸರು ಹೇಳಿದರೆ ಉಳಿದದ್ದನ್ನೂ ಹೇಳಬೇಕಾದೀತು ಎಂಬ ಅಂಜಿಕೆಯೋ ಏನೋ.

ಅದೇ ವರ್ಷದ ಪ್ರಾಯೋಗಿಕ ಪರೀಕ್ಷೆ. ನಮ್ಮ ಕಾಲೇಜಿನ ಬೋರ್ ನೀರು ಸವಳು. ಅದರಲ್ಲಿ ಪ್ರಯೋಗ ಸರಿಬರುತ್ತಿರಲಿಲ್ಲ. ಹಾಗಾಗಿ ನಾನೇ ಗಾಡಿಯ ಮೇಲೆ ಧುಪದಾಳದಿಂದ ಎರಡು ಕ್ಯಾನು ಹೊಳೆನೀರು ತರುತ್ತಿದ್ದೆ. ಎರಡೂ ಎಣ್ಣೆಯ ಹಳೆಯ ಬಿಳಿ ಕ್ಯಾನು, ಅವಳಿಜವಳಿ. ಒಂದನ್ನು ಹಾಗೇ ಇಟ್ಟು ಇನ್ನೊಂದಕ್ಕೆ ಉಪ್ಪು ಕಲಸಿ ಎರಡಕ್ಕೂ ಚೀಟಿ ಅಂಟಿಸುವುದು ನನ್ನ ಪದ್ಧತಿ. ಆ ದಿನ ಗೋಕಾಕದಿಂದ ಬರಬೇಕಿದ್ದ ಪರೀಕ್ಷಕರು ಒಂದು ತಾಸು ಮೊದಲೇ ಬಂದರು. ಗಡಿಬಿಡಿಯಲ್ಲಿ ಚೀಟಿ ಅದಲುಬದಲಾದವು.

ಪ್ರಯೋಗ ಸರಳ. ಬಟಾಟೆಯ ತುಂಡನ್ನು ಸಿಹಿನೀರಿನಲ್ಲಿಟ್ಟರೆ ನೀರು ಜೀವಕೋಶದ ಪೊರೆ ದಾಟಿ ಒಳಗೆ ಹೋಗುತ್ತದೆ, ತುಂಡು ಬಿರುಸಾಗುತ್ತದೆ. ಉಪ್ಪುನೀರಿನಲ್ಲಿಟ್ಟರೆ ಒಳಗಿನ ನೀರೇ ಹೊರಗೆ ಬಂದು ತುಂಡು ಮೆತ್ತಗಾಗುತ್ತದೆ. ಅಭಿಸರಣೆ ಎನ್ನುತ್ತೇವೆ. ಅಂದು ಎಲ್ಲರ ಮೇಜಿನ ಮೇಲೂ ಎಲ್ಲ ಉಲ್ಟಾ ಆಗಿತ್ತು. ಆದರೂ ಹುಡುಗರೆಲ್ಲ ಬಟಾಟೆ ಮುಟ್ಟಿಯೂ ನೋಡದೆ, ಪುಸ್ತಕದಲ್ಲಿದ್ದದ್ದನ್ನು ಬರೆದಿಟ್ಟು ಕೈಕಟ್ಟಿ ಕುಳಿತಿದ್ದರು. ಮಾಳವ್ವ ಒಬ್ಬಳು ಕಂಡದ್ದನ್ನು ಬರೆದಿದ್ದಳು — ‘ಉಪ್ಪುನೀರಿನಲ್ಲಿಟ್ಟ ತುಂಡು ಬಿರುಸಾಗಿದೆ.’ ಬರೆದು, ತನಗೇ ನಂಬಿಕೆ ಬಾರದೆ, ನನ್ನನ್ನು ಕರೆದಳು.

ನಾನು ಅವಳ ‘ಉಪ್ಪುನೀರಿಗೆ’ ಬೆರಳದ್ದಿ ನಾಲಿಗೆಗೆ ಹಚ್ಚಿದೆ. ಉಪ್ಪೇ ಇರಲಿಲ್ಲ. ಪರೀಕ್ಷಕರು ಬಾಗಿಲ ಹೊರಗೆ ಚಹಾ ಕುಡಿಯುತ್ತ ನಿಂತಿದ್ದರು. ಒಂದು ಮಾತು ಹೇಳಿದ್ದರೆ ನೀರು ಬದಲಿಸಿ ಎಲ್ಲರಿಗೂ ಮತ್ತೆ ಮಾಡಿಸಬಹುದಿತ್ತು. ನನ್ನ ಮಾನ ಒಂದಿಷ್ಟು ಹೋಗುತ್ತಿತ್ತು. ಹೋದರೆ ಹೋಗಲಿ ಎನ್ನಬೇಕಿತ್ತು — ಅನ್ನಲಿಲ್ಲ.

“ನಿನ್ನ ಕೈ ತಪ್ಪೇತಿ. ಪುಸ್ತಕದಾಗ ಹೆಂಗೈತಿ ಹಂಗ ಬರಿ.”

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಸ್ಕೇಲು ಇಟ್ಟು ಆ ಸಾಲನ್ನು ನೀಟಾಗಿ ಹೊಡೆದುಹಾಕಿದಳು. ಪೂರ್ತಿ ಅಂಕ ಕೊಟ್ಟೆ.

ಇಲ್ಲೇ ನನ್ನ ತಲೆ ಕಲಸಿಹೋಗುವುದು. ಮೊದಲು ಆ ಮಾತು ಆಡಿದೆನೋ, ಮೊದಲು ನೀರಿನ ರುಚಿ ನೋಡಿದೆನೋ? ಎಷ್ಟೋ ವರ್ಷ, ಮಾತು ಮೊದಲು, ಚೀಟಿ ತಪ್ಪಿದ್ದು ಗೊತ್ತಾದದ್ದು ಆಮೇಲೆ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಮೇಲಿನ ಸಾಲು ಬರೆಯುವಾಗ ಕೈ ತಾನಾಗಿ ಬೆರಳನ್ನೇ ಮೊದಲು ಅದ್ದಿಸಿತು. ಅಂಕ ಪೂರ್ತಿ ಕೊಟ್ಟೆನಲ್ಲ, ಹುಡುಗಿ ಪಾಸಾದಳಲ್ಲ, ಕಳಕೊಂಡದ್ದಾದರೂ ಏನು — ಹೀಗೆ ವಾದಿಸುತ್ತಲೂ ಇದ್ದೆ.

ಕಳಕೊಂಡದ್ದು ಏನೆಂದು ಈ ವರ್ಷ ಹುಕ್ಕೇರಿಯಲ್ಲಿ ಕಂಡೆ. ಪರೀಕ್ಷಕನಾಗಿ ಹೋಗಿದ್ದೆ. ಅಲ್ಲಿಯ ಜೀವಶಾಸ್ತ್ರದ ಉಪನ್ಯಾಸಕಿ ಬಾಗಿಲಲ್ಲೇ ಕಾಲಿಗೆ ಬಿದ್ದಳು. ಮಾಳವ್ವ! ಹೆಮ್ಮೆಯಿಂದ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ. ಸ್ವಲ್ಪ ಹೊತ್ತಿಗೆ ಒಬ್ಬ ವಿದ್ಯಾರ್ಥಿನಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಚಿತ್ರದಲ್ಲಿದ್ದಂತೆ ಇಲ್ಲಿ ಕಾಣುತ್ತಿಲ್ಲ ಎಂದಳು. ಮಾಳವ್ವ ಮಸೂರದೊಳಗೆ ಇಣುಕಿಯೂ ನೋಡಲಿಲ್ಲ. ಅದೇನು ಕಾಣುತ್ತದೋ ಬಿಡು, ಪುಸ್ತಕದ ಚಿತ್ರವನ್ನೇ ಬಿಡಿಸು ಎಂದಳು. ನನ್ನ ಕಡೆ ತಿರುಗಿ, ನನ್ನ ವಿದ್ಯೆಯನ್ನು ನನಗೇ ಒಪ್ಪಿಸುವವಳಂತೆ ನಕ್ಕಳು.

“ಇದು ನೀವ ಕಲಿಸಿದ್ದಲ್ಲೇನ್ರಿ ಸರ್. ಅವತ್ತಿಂದ ನಾ ನನ್ನ ಕಣ್ಣು ನಂಬೂದು ಬಿಟ್ಟೇನ್ರಿ.”

ನಾನೂ ನಕ್ಕೆ. ಛೇ, ನಕ್ಕುಬಿಟ್ಟೆ! ಅವರು ಕೊಟ್ಟ ಉಪ್ಪಿಟ್ಟು ತಿಂದು, ಅಂಕಪಟ್ಟಿಗೆ ಸಹಿ ಹಾಕಿ, ಗೋಕಾಕದ ಬಸ್ಸು ಹತ್ತಿದೆ.

ನಾಲ್ಕು ದಿನ ಅನ್ನ ಸೇರಲಿಲ್ಲ. ಐದನೆಯ ದಿನ ಮಧ್ಯಾಹ್ನ ಫೋನ್ ಮಾಡಿದೆ. ಕ್ಯಾನು, ಚೀಟಿ, ಗಡಿಬಿಡಿ ಎಲ್ಲ ಹೇಳಿದೆ. ಅವಳು ಕಂಡದ್ದು ಸರಿಯಿತ್ತು, ಬರೆದದ್ದು ಸರಿಯಿತ್ತು ಎಂದೆ. ಬಯ್ಯಲಿ ಎಂದು ಕಾದೆ. ಅವಳು ಬಯ್ಯಲಿಲ್ಲ.

“ನನ್ನ ಕೈ ತಪ್ಪೇತಿ ಅಂದಾಗ ನಿಮಗ ಗೊತ್ತಿತ್ತೇನ್ರಿ?”

‘ನನಗ ನೆನಪಿಲ್ಲವ್ವಾ’ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ.

“ಗೊತ್ತಿತ್ತವ್ವಾ,” ಎಂದೆ.

ಅವಳು ಫೋನ್ ಇಟ್ಟಳು.