ಹೊರಸಿನ ಮೇಲಿನ ಸಲಾಮು

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರು ಅನ್ನುತ್ತಾರೆ. ಇರಲಿ ಬಿಡಿ. ಕರಜಗಿಯ ಆ ಮದುವೆಯಲ್ಲಿ ನಡೆದದ್ದನ್ನು ಕಂಡೂ ಸಿಟ್ಟು ಬರದವನು ಮನುಷ್ಯನೇ ಅಲ್ಲ.

ನಮ್ಮದು ಮದುವೆಗಳಲ್ಲಿ ಕುದುರೆ ಕುಣಿಸುವ ಮನೆ. ಮದುಮಗ ಇಳಿದ ಮೇಲೆ ಕುದುರೆ ಹಲಗೆವಾದ್ಯದ ಬಡಿತಕ್ಕೆ ಸರಿಯಾಗಿ ಹೊರಸು, ಅಂದರೆ ಹಗ್ಗದ ಮಂಚ, ಹತ್ತಿ ಕುಣಿಯಬೇಕು, ಹಿಂಗಾಲಿನ ಮೇಲೆ ಎದ್ದು ನಿಲ್ಲಬೇಕು, ಕೊನೆಗೆ ಮುಂಗಾಲು ಮಡಿಸಿ ಬೀಗರಿಗೆ ಸಲಾಮು ಮಾಡಬೇಕು. ಕುಣಿಸುವವನು ನಮ್ಮಣ್ಣ. ಕಾಲು ತಿಕ್ಕುವುದು, ಪಟ್ಟಿ ಕಟ್ಟುವುದು ನನ್ನ ಪಾಲಿನ ಕೆಲಸ.

ಜನ ಕುದುರೆಯ ಎದೆ, ತೊಡೆ ನೋಡಿ ಹೊಗಳುತ್ತಾರೆ. ಆ ಮಾಂಸವೆಲ್ಲ ಮೇಲೆಯೇ ಮುಗಿಯುತ್ತದೆ. ಮೊಣಕಾಲಿನ ಕೆಳಗೆ ಒಂದು ಎಲುಬು, ಅದರ ಹಿಂದೆ ಹಗ್ಗದ ಹಾಗೆ ಬಿಗಿದ ನರ, ಮೇಲೆ ತೆಳ್ಳಗಿನ ಚರ್ಮ, ಅಷ್ಟೇ. ಪುಸ್ತಕದವರು ಅದನ್ನು ಸ್ನಾಯುರಜ್ಜು ಅನ್ನುತ್ತಾರೆ, ನಾವು ನರ ಅನ್ನುತ್ತೇವೆ. ಎದ್ದು ನಿಂತ ಕುದುರೆ ಕೆಳಗಿಳಿಯುವಾಗ ಮೈಭಾರವೆಲ್ಲ ಅದರ ಮೇಲೇ ಬೀಳುತ್ತದೆ.

ಮದುವೆಗೆ ವಾರವಿರುವಾಗ ನಮ್ಮ ಹೆಣ್ಣುಕುದುರೆಯ ಎಡ ಮುಂಗಾಲಿನ ನರ ಬಾತಿತು. ಮುಟ್ಟಿದರೆ ಬಿಸಿ, ಒತ್ತಿದರೆ ಕಾಲು ಎಳೆದುಕೊಳ್ಳುತ್ತಿತ್ತು. ದನದ ಡಾಕ್ಟರು ಬಂದು ನೋಡಿ, ಒಳಗೆ ಎಳೆಗಳು ಹರಿದಿವೆ, ಕೂಡಲು ತಿಂಗಳುಗಟ್ಟಲೆ ಬೇಕು, ಅದಕ್ಕೆ ಮೊದಲೇ ಕುಣಿಸಿದರೆ ಕಾಲು ಹೋದಂತೆಯೇ ಎಂದು ಅಣ್ಣನ ಎದುರೇ ಹೇಳಿ ಹೋದರು. ಅವನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ಕರಜಗಿಯವರಿಗೆ ಮಾತು ಕೊಟ್ಟಾಗಿದೆ, ಈಗ ಅವರು ವಳಸಂಗದ ಕುದುರೆ ತರಿಸಿದರೆ ನಮ್ಮ ಮಾನ ಏನಾಗಬೇಕು ಅಂದ. ಆಹಾ, ಮಾನವಂತೆ! ಮದುವೆಯ ಬೆಳಿಗ್ಗೆ ಎಲ್ಲಿಂದಲೋ ತಂದ, ನೋವು ಮರೆಸುವ ಸೂಜಿ ಚುಚ್ಚಿದ. ಬಾವು ಕಾಣಬಾರದೆಂದು ಅದರ ಮೇಲೆಯೇ ಗೆಜ್ಜೆಪಟ್ಟಿ ಬಿಗಿದ. ಕುದುರೆ ಕುಂಟದೆ ನಡೆಯಿತು.

"ನೋಡು, ಚಲೋ ಆತು. ನೀ ಸುಮ್ನ ಭಾಳ ಹೆದರ್ತಿ," ಅಂದ.

"ಸೂಜಿಗಿ ನೋವು ಹೋಗೈತಿ, ನರ ಕೂಡಿಲ್ಲೋ ಅಣ್ಣಾ."

ಬಾಯಿಗೆ ಬಂದಂತೆ ಬೈದೆ. ಟೆಂಪೋದ ಮುಂದೆ ಅಡ್ಡ ನಿಂತೆ. ಓಣಿಯ ಮಂದಿ ನೋಡುತ್ತಿದ್ದಾರೆಂದು ಅವ್ವನೇ ಬಂದು ನನ್ನನ್ನು ಬದಿಗೆ ಎಳೆದಳು. ಕುದುರೆಯೊಂದನ್ನೇ ಅವನ ಕೈಗೆ ಬಿಡಲು ಮನಸ್ಸಾಗದೆ ನಾನೂ ಟೆಂಪೋ ಹತ್ತಿದೆ.

ಕರಜಗಿಯಲ್ಲಿ ಅದು ಚೆಂದವಾಗಿಯೇ ಕುಣಿಯಿತು. ನೋವಿದ್ದಿದ್ದರೆ ಪಾಪ, ಕಾಲು ಕಾಯ್ದುಕೊಂಡು ಇಡುತ್ತಿತ್ತು. ನೋವನ್ನೇ ಕಸಿದುಕೊಂಡಿದ್ದೆವಲ್ಲ, ಪೂರ್ತಿ ಎದ್ದು ನಿಂತು, ಇದ್ದ ಬಲವೆಲ್ಲ ಬಿಟ್ಟು ಇಳಿಯಿತು. ಇಳಿದದ್ದೇ ಎಡಗಾಲು ಕುಸಿದು ಹೊರಸಿನ ಮೇಲೆ ಮೊಣಕಾಲೂರಿತು.

ಮಂದಿ ಸಿಳ್ಳೆ ಹೊಡೆದರು. ಸಲಾಮು ಮಾಡಿತು ಅಂದುಕೊಂಡರು! ಮದುಮಗನ ಸೋದರಮಾವ ಬಂದು ಅದರ ಕೊರಳಿಗೆ ಹಾರ ಹಾಕಿದ. ಕುದುರೆ ಹೇಗೋ ಎದ್ದು ನೆಲಕ್ಕಿಳಿಯಿತು. ಗೊರಸಿನ ತುದಿ ಮೇಲೆದ್ದಿತ್ತು, ಅದರ ಮೇಲಿನ ಗಿಣ್ಣು ಮಣ್ಣಿಗೆ ತಾಗುತ್ತಿತ್ತು. ನರ ಪೂರ್ತಿ ಹರಿದುಹೋಗಿತ್ತು. ಆ ಕಾಲು ಮುಂದೆಂದೂ ನೆಟ್ಟಗಾಗಲಿಲ್ಲ. ನರ ಹರಿದದ್ದು ಅಲ್ಲಿ ಗೊತ್ತಾದದ್ದು ನನಗೆ ಮತ್ತು ಅಣ್ಣನಿಗೆ ಮಾತ್ರ.

"ಇನ್ನೊಮ್ಮಿ ಸಲಾಮ ಮಾಡಸ್ರಿ, ನಮ್ಮ ಬೀಗರು ನೋಡಿಲ್ಲ," ಅಂದ ಆ ಸೋದರಮಾವ.

ನಾನು ಅಣ್ಣನ ಮುಖ ನೋಡಿದೆ. ಅದು ಬಿಳಿಚಿಕೊಂಡಿತ್ತು. ಈಗಲಾದರೂ ಆಗುವುದಿಲ್ಲ ಅನ್ನುತ್ತಾನೆ ಅಂದುಕೊಂಡೆ. ಆ ನಾಚಿಕೆಗೆಟ್ಟವನು ಎಲ್ಲರಿಗೂ ಕೈ ಮುಗಿದು, ಹಲಗೆಯವನಿಗೆ ಬಡಿ ಅಂತ ಸನ್ನೆ ಮಾಡಿದ. ಹಲಗೆಯ ಸದ್ದು ಕೇಳಿದ್ದೇ ತಡ, ಕುದುರೆ ಅದೇ ಕಾಲನ್ನು ಎತ್ತಿತು.

ನಾನು ಓಡಿಹೋಗಿ, ಅದು ಮತ್ತೆ ನೆಲಕ್ಕೆ ಊರದಂತೆ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಮಣ್ಣಲ್ಲಿ ಕೂತೆ. ಮಂದಿ ಅದಕ್ಕೂ ಚಪ್ಪಾಳೆ ಹೊಡೆದರು.